ತುಂಬಿದ ಊರು ಕೊಡು

ನಿಂಗಾಜಮ್ಮನವರು ಬದುಕಿಡೀ ಗೆದ್ದ ಊರುಗಳನ್ನೆಲ್ಲ ಒಟ್ಟು ಸೇರಿಸಿದ್ದರೆ ಒಂದು ರಾಜ್ಯವೇ ಆಗುತ್ತಿತ್ತು. ಮೈಸೂರನ್ನು ಮದುವೆಯಾದ ವರ್ಷವೇ ಗಂಡನಿಂದ ಕಿತ್ತುಕೊಂಡಿದ್ದರು. ಬೆಂಗಳೂರು ಬೀಗರ ಕಡೆಯಿಂದ ಬಂದದ್ದು. ಸೊಸೆ ಅಂಬುಜಾಕ್ಷಿ ಮನೆ ತುಂಬಿದ ವಾರದಲ್ಲೇ ತನ್ನ ತವರೂರು, ತಾನು ಎಂಜಿನಿಯರಿಂಗ್ ಓದಿದ ಊರು, ಕೊನೆಗೆ ಹಠಕ್ಕೆ ಬಿದ್ದು ಲಂಡನ್ನನ್ನೂ ಸೋತು ಕೂತಿದ್ದಳು. ಲಂಡನ್ನನ್ನು ಮಾತ್ರ ಅತ್ತೆ ಒಲ್ಲೆ ಎಂದರು. ಅಲ್ಲಿಗೆ ಹೋಗಿ ಯಾರ ಜೊತೆ ಮಾತಾಡಲಿ ಎಂಬುದು ಅವರ ವಾದ.

ಇದೆಲ್ಲ ಒಗಟಿನ ಆಟದ ವ್ಯವಹಾರ. ಆ ಮನೆಯಲ್ಲಿ ಊಟವಾದ ಮೇಲೆ ಎಲೆ ಅಡಿಕೆ ಎಷ್ಟು ಖಚಿತವೋ ಒಗಟೂ ಅಷ್ಟೇ ಖಚಿತ. ಒಬ್ಬರು ಒಗಟು ಹಾಕಬೇಕು, ಇನ್ನೊಬ್ಬರು ಬಿಡಿಸಬೇಕು. ಬಿಡಿಸಲಾಗದವರು ಬಾಯಿಗೆ ಬಂದದ್ದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ‘ಊರು ಕೊಟ್ಟೆ’ ಎಂದು ಒಂದು ಊರಿನ ಹೆಸರು ಹೇಳಬೇಕು. ಊರು ಕೈಗೆ ಬಂದ ಮೇಲೆ ಒಗಟು ಹಾಕಿದವರು ಉತ್ತರ ಹೇಳಲೇಬೇಕು, ಬಚ್ಚಿಟ್ಟುಕೊಳ್ಳುವಂತಿಲ್ಲ.

ಸೋಲು ಎಂದರೆ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದ ಹೊಸ ಸೊಸೆಗೆ ನಿಂಗಾಜಮ್ಮ ಅಂದೇ ತಿಳಿಸಿ ಹೇಳಿದ್ದರು.

“ಊರು ಕೊಡಾದು ಸೋಲಲ್ಲ ಕಣವ್ವ. ನಂಗೆ ತಿಳೀಲಿಲ್ಲ, ಹೇಳ್ಕೊಡಿ ಅಂತ ಮರ್ಯಾದೆಯಾಗಿ ಕೇಳಾದು.”

ಜೊತೆಗೆ ಅವರದೇ ಒಂದು ತಕರಾರೂ ಇತ್ತು. ಕೊಡುವವರು ಜಿಪುಣತನ ಮಾಡಿ ಯಾವುದೋ ಒಣಗಿದ ಊರನ್ನು ತಳ್ಳಿದರೆ ಅವರು ಮುಟ್ಟುತ್ತಿರಲಿಲ್ಲ. ನೀರಿಲ್ಲದ ಊರು ಕಟ್ಟಿಕೊಂಡು ಏನು ಮಾಡಲಿ, ತುಂಬಿದ ಊರು ಕೊಡು ಎಂದು ಪಟ್ಟು ಹಿಡಿಯುತ್ತಿದ್ದರು. ಅವರ ತವರು ಕುಂಚಿಗೆರೆ ದೊಡ್ಡ ಕೆರೆಯ ಕೆಳಗಿನ ಊರು. ಊರೆಂದರೆ ಮೊದಲು ಕೆರೆ, ಆಮೇಲೆ ಮನೆಗಳು ಎಂದು ನಂಬಿ ಬೆಳೆದವರು ಅವರು.

ಅಂಬುಜಾಕ್ಷಿಯ ಕೆಲಸವೂ ಕೆರೆಗಳದ್ದೇ. ಆ ಸೀಮೆಯ ಕೆರೆಗಳು ಒಂದರ ಕೆಳಗೊಂದು ಸಾಲಾಗಿ ಇಳಿದಿವೆ. ಮೇಲಿನದು ಕೋಡಿ ಬಿದ್ದರೆ ಹೆಚ್ಚಾದ ನೀರು ಕೆಳಗಿನದಕ್ಕೆ ಬರುತ್ತದೆ. ಹಿಂದೆ ನೀರು ಬಿಡುವ ತೂಬು ಎತ್ತಲು, ಇಳಿಸಲು ಊರೂರಿಗೆ ಒಬ್ಬ ನೀರುಗಂಟಿ ಇರುತ್ತಿದ್ದ. ಆ ಕಾಲ ಹೋಯಿತು. ಈಗ ಪಟ್ಟಣದ ನಿಯಂತ್ರಣ ಕೊಠಡಿಯಲ್ಲಿ ಕೂತ ಒಂದು ಯಂತ್ರ ಇಡೀ ಕೆರೆಸಾಲನ್ನು ನೋಡಿಕೊಳ್ಳುತ್ತದೆ. ಅದಕ್ಕೂ ನೀರುಗಂಟಿ ಎಂದೇ ಹೆಸರಿಟ್ಟವಳು ಅಂಬುಜಾಕ್ಷಿ. ಪ್ರತಿ ಕೆರೆಯ ಮೆಟ್ಟಿಲ ಪಕ್ಕ ಒಂದು ಕಂಬ, ಕಂಬದ ಸರಳಿನ ಮೇಲೆ ನೀರಿನೊಂದಿಗೆ ಏರಿ ಇಳಿಯುವ ಒಂದು ಕೆಂಪು ಗುಂಡು. ಗುಂಡು ಎಷ್ಟು ಎತ್ತರದಲ್ಲಿದೆ ಎಂಬ ಸುದ್ದಿ ಗಾಳಿಯಲ್ಲಿ ಯಂತ್ರಕ್ಕೆ ಬರುತ್ತದೆ. ಹಿಂದಿನ ಮಳೆಗಾಲಗಳ ಅಳತೆಗಳನ್ನೆಲ್ಲ ಅರೆದು ಕುಡಿದಿದ್ದ ಯಂತ್ರ ಯಾವ ತೂಬು ಎತ್ತಬೇಕೆಂದು ತಾನೇ ತೀರ್ಮಾನಿಸಿ ಎತ್ತುತ್ತದೆ.

ಯಂತ್ರ ಬುದ್ಧಿವಂತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೊಂದು ಚಟವಿತ್ತು. ಏನು ಕೇಳಿದರೂ ಉತ್ತರ ಹೇಳಿಯೇ ತೀರುತ್ತಿತ್ತು. ಗೊತ್ತಿದ್ದರೂ ಅದೇ ಗತ್ತು, ಗೊತ್ತಿಲ್ಲದಿದ್ದರೂ ಅದೇ ಗತ್ತು. ಹಿಂದಿನ ವರ್ಷ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂದಾಗ, ಅಂಥ ಮಳೆಯನ್ನು ಕಂಡೇ ಇರದ ನೀರುಗಂಟಿ ಗಟ್ಟಿ ಮನಸ್ಸು ಮಾಡಿ ತಪ್ಪು ತೂಬು ಎತ್ತಿ, ಕೊಯ್ಲಿಗೆ ಬಂದ ರಾಗಿ ಹೊಲಗಳನ್ನೆಲ್ಲ ಕೆರೆ ಮಾಡಿ ಕೂತಿತು. ಯಾರಿಗೂ ಪ್ರಾಣಾಪಾಯವಾಗಲಿಲ್ಲ, ಪುಣ್ಯ. ಮುಖ್ಯ ಎಂಜಿನಿಯರ್ ಪುಟ್ಟಮಾದಪ್ಪ ಒಳ್ಳೆಯ ಮನುಷ್ಯ, ಆದರೆ ರಾಗಿ ಬೆಳೆದವರ ಮನೆಮನೆಗೆ ಹೋಗಿ ಬೈಸಿಕೊಂಡು ಬಂದವರು ಅವರು. ಬರುವ ಮಳೆಗಾಲವೇ ಕೊನೆಯ ಪರೀಕ್ಷೆ, ಇನ್ನೊಮ್ಮೆ ಎಡವಿದರೆ ಯಂತ್ರದ ತಂತಿ ಕೀಳಿಸುವುದೇ ಸೈ ಎಂದು ಹೇಳಿಬಿಟ್ಟರು. ಅಂಬುಜಾಕ್ಷಿ ತನ್ನ ಪ್ರಾಯವನ್ನೇ ಆ ಯಂತ್ರಕ್ಕೆ ತೇದಿದ್ದಳು. ಮನೆಗೆ ಬಂದ ಮೇಲೂ ಅದನ್ನೇ ಯೋಚಿಸುತ್ತಿದ್ದಳು.

ತಪ್ಪು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ನೀರುಗಂಟಿಗೆ ಪಾಠ ಹೇಳಿಕೊಟ್ಟ ರೀತಿಯಲ್ಲೇ ಇತ್ತು. ಸರಿ ಉತ್ತರಕ್ಕೆ ಅಂಕ, ತಪ್ಪಿಗೆ ಸೊನ್ನೆ, ಸುಮ್ಮನಿದ್ದರೂ ಸೊನ್ನೆ. ಇಂಥ ಪರೀಕ್ಷೆಯಲ್ಲಿ ಯಾವ ಹುಡುಗ ತಾನೇ ಸುಮ್ಮನಿರುತ್ತಾನೆ? ಬಂದರೆ ಬರಲಿ ಎಂದು ಏನೋ ಒಂದು ಗೀಚಿ ಬರುತ್ತಾನೆ. ಯಂತ್ರವೂ ಅದನ್ನೇ ಕಲಿತಿತ್ತು. ಗೊತ್ತಿಲ್ಲ ಎಂದು ಹೇಳುವ ದಾರಿಯನ್ನೇ ಅದಕ್ಕೆ ಯಾರೂ ತೋರಿಸಿರಲಿಲ್ಲ.

ಅಂದು ಊಟವಾದ ಮೇಲೆ ನಿಂಗಾಜಮ್ಮ ಮಾಮೂಲಿನಂತೆ ಒಗಟು ಹಾಕಿದರು. ಅಂಬುಜಾಕ್ಷಿಗೆ ಮನಸ್ಸು ಎಲ್ಲೋ ಇತ್ತು. ಯೋಚನೆ ಮಾಡದೆ ಊರು ಕೊಟ್ಟೆ ಅತ್ತೆ ಎಂದಳು. ಎಂದವಳು ಹಾಗೇ ಬಾಯಿ ತೆರೆದುಕೊಂಡು ಕೂತಳು. ಗೊತ್ತಿಲ್ಲ ಎನ್ನುವುದನ್ನು ಇಷ್ಟು ಚಂದವಾಗಿ, ಇಷ್ಟು ಗೌರವವಾಗಿ ಹೇಳಿಸುವ ಪಾಠಶಾಲೆ ತನ್ನ ಅಡುಗೆಮನೆಯಲ್ಲೇ ಇದ್ದೂ ತಾನು ಲ್ಯಾಬಿನಲ್ಲಿ ತಲೆ ಚಚ್ಚಿಕೊಳ್ಳುತ್ತಿದ್ದೆನಲ್ಲ ಎಂದು ಅವಳಿಗೆ ನಗುವೂ ಬಂತು, ಸಂತೋಷವೂ ಆಯಿತು. ಅತ್ತೆಯ ಕೈ ಹಿಡಿದುಕೊಂಡು ನಾಳೆಯಿಂದ ನನ್ನ ಯಂತ್ರದ ಜೊತೆ ಆಡುತ್ತೀರಾ ಎಂದು ಕೇಳಿದಳು. ಅದಕ್ಕೆ ಎಷ್ಟು ಊರವೆ ಎಂದು ನಿಂಗಾಜಮ್ಮ ವಿಚಾರಿಸಿದರು.

ಯಂತ್ರಕ್ಕೆ ಗೊತ್ತಿದ್ದ ಊರುಗಳೆಂದರೆ ಕೆರೆಸಾಲಿನ ಊರುಗಳು, ಅಷ್ಟೇ. ಅವನ್ನೇ ಅದರ ಬಂಡವಾಳವಾಗಿ ಕೊಟ್ಟು ಅಂಬುಜಾಕ್ಷಿ ಆಟದ ಲೆಕ್ಕ ಕಟ್ಟಿದಳು. ಒಗಟು ಬಿಡಿಸಿದರೆ ಒಂದು ಊರು ಬರುತ್ತದೆ. ಗೊತ್ತಿಲ್ಲವೆಂದು ಒಪ್ಪಿದರೆ ಒಂದು ಊರು ಹೋಗುತ್ತದೆ. ಗೊತ್ತಿಲ್ಲದೆ ಗೊತ್ತಿರುವ ಹಾಗೆ ನಟಿಸಿ ತಪ್ಪು ಹೇಳಿದರೆ ಮೂರು ಊರು ಒಟ್ಟಿಗೆ ಹೋಗುತ್ತವೆ. ಈಗ ಯಂತ್ರ ಬಾಯಿ ಬಿಡುವ ಮೊದಲು ತನ್ನ ಅನುಮಾನವನ್ನು ತಾನೇ ತೂಗಿ ನೋಡಬೇಕು. ಮನೆಗೊಂದು ಪುಟ್ಟ ಸ್ಪೀಕರ್ ತಂದು ಅಡುಗೆಮನೆಯ ಕಿಟಕಿಯ ಮೇಲಿಟ್ಟಳು. ಅದರಿಂದ ತೂಬುಗಳ ಕಡೆಗೆ ಹೋಗುವ ದಾರಿ ಮುಚ್ಚಿ ಆಟದ ದಾರಿ ಮಾತ್ರ ತೆರೆದಳು.

ಮೊದಲ ದಿನ ನಿಂಗಾಜಮ್ಮ ಅವರೆಕಾಯಿ ಬಿಡಿಸುತ್ತಾ, ಹೊಟ್ಟೆ ತುಂಬ ಹಲ್ಲು, ಒಂದು ಸಲವೂ ಕಚ್ಚಲಿಲ್ಲ, ಏನು ಹೇಳು ಎಂದರು. ಯಂತ್ರ ಉಸಿರೂ ತೆಗೆದುಕೊಳ್ಳದೆ, ದಂತವೈದ್ಯರ ಡಬ್ಬಿ, ಇದು ಬಹುತೇಕ ಖಚಿತ ಎಂದಿತು. ನಿಂಗಾಜಮ್ಮ ನಕ್ಕ ನಗೆಗೆ ಮಡಿಲ ಕಾಳೆಲ್ಲ ನೆಲಕ್ಕೆ ಚೆಲ್ಲಿತು. ದಾಳಿಂಬೆ ಹಣ್ಣು ಕಣಪ್ಪಾ ಎಂದು ಹೇಳಿ ಮೂರು ಊರನ್ನು ಸೆರಗಿಗೆ ಕಟ್ಟಿಕೊಂಡರು.

ಕೆಲವು ದಿನ ಅವರದೇ ದರ್ಬಾರು. ಯಂತ್ರ ಹೇಳುವುದು, ಅವರು ನಗುವುದು, ಊರು ಹೋಗುವುದು. ಇಡೀ ಕೆರೆಸಾಲು ಅತ್ತೆಯ ವಶವಾಗಿ, ಆಟ ಮುಂದುವರಿಯಲೆಂದು ಅವರೇ ಉದಾರವಾಗಿ ಊರುಗಳನ್ನು ಸಾಲ ಕೊಟ್ಟು ಕೂರಿಸಿಕೊಂಡದ್ದೂ ಉಂಟು. ಆಮೇಲೊಂದು ಸಂಜೆ ನಡೆದದ್ದನ್ನು ಅಂಬುಜಾಕ್ಷಿ ಮರೆಯುವಂತಿಲ್ಲ. ನಿಂಗಾಜಮ್ಮ ಒಲೆಯ ಕಡೆ ನೋಡುತ್ತಾ, ಕೆಳಗೆ ಉರಿದರೆ ಮೇಲೆ ಕುಣಿಯುವವಳು ಯಾರು ಎಂದು ಕೇಳಿದರು. ಯಂತ್ರ ಉತ್ತರ ಹೇಳಲಿಲ್ಲ. ಸ್ಪೀಕರಿನಲ್ಲಿ ಸದ್ದೇ ಇಲ್ಲ. ಕೆಟ್ಟು ಹೋಯಿತೇನೋ ಎಂದು ಅಂಬುಜಾಕ್ಷಿ ಎದ್ದಳು.

“ಊರು ಕೊಟ್ಟೆ,” ಎಂದಿತು ನೀರುಗಂಟಿ.

ಅಂಬುಜಾಕ್ಷಿಗೆ ಕಣ್ಣು ತುಂಬಿ ಬಂತು. ತನ್ನ ಮಗು ಮೊದಲ ಮಾತು ಆಡಿದಾಗಲೂ ಅವಳು ಹೀಗೆ ಅತ್ತಿರಲಿಲ್ಲ. ನಿಂಗಾಜಮ್ಮನಿಗೆ ಅದೆಲ್ಲ ತಿಳಿಯದು. ಅದು ಪಾತ್ರೆಯ ಮುಚ್ಚಳ ಕಣಪ್ಪ ಎಂದು ತಿಳಿಸಿ ಹೇಳಿ, ಯಾವ ಊರು ಕೊಡುತ್ತೀಯ ಎಂದು ವ್ಯಾಪಾರಕ್ಕೆ ಕೂತರು. ಯಂತ್ರ ಒಂದು ಹೆಸರು ಹೇಳಿತು. ಆ ಊರ ಕೆರೆಯಲ್ಲಿ ಈಗ ಕಪ್ಪೆಗೂ ನೀರಿಲ್ಲವೆಂದು ಅವರು ತಿರುಗಿಸಿ ಕೊಟ್ಟರು. ಇನ್ನೊಂದು ಹೇಳಿತು. ಅದೂ ಬೇಡ. ತುಂಬಿದ ಊರು ಕೊಡು ಎಂದರು. ಅಂದಿನಿಂದ ಯಂತ್ರ ಪ್ರತಿ ಸಲ ಊರು ಕೊಡುವ ಮೊದಲು ಯಾವ ಕೆರೆಯಲ್ಲಿ ಹೆಚ್ಚು ನೀರಿದೆ ಎಂದು ನೋಡಿ, ಅದನ್ನೇ ಕೊಡತೊಡಗಿತು. ಇಂಥದ್ದನ್ನು ಅಂಬುಜಾಕ್ಷಿ ಕಲಿಸಿರಲಿಲ್ಲ.

ಕಲಿಕೆ ಆಮೇಲೆ ಓಡತೊಡಗಿತು. ಒಗಟು ಎಂದರೆ ಹಾಗೆಯೇ ಅಲ್ಲವೆ? ಹೇಳಬೇಕಾದ್ದನ್ನೆಲ್ಲ ಹೇಳಿಯೇ ಇರುತ್ತದೆ, ಆದರೆ ನೇರವಾಗಿ ನಿಲ್ಲಿಸಿರುವುದಿಲ್ಲ. ಮೊದಲು ಹೊಳೆದ ಉತ್ತರವನ್ನು ಪಕ್ಕಕ್ಕಿಟ್ಟು, ಒಂದಕ್ಕೊಂದು ಹೊಂದದ ಎರಡು ಮಾತನ್ನೂ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂರಬೇಕು. ಲ್ಯಾಬಿನಲ್ಲಿ ಕುಳಿತು ಅಂಬುಜಾಕ್ಷಿ ಯಂತ್ರದ ಒಳಗನ್ನು ತೆರೆದು ನೋಡಿದಾಗ ಕಂಡದ್ದೂ ಅದೇ. ಮೊದಲು ಒಂದೇ ದಾರಿಯಲ್ಲಿ ದಡದಡ ಓಡುತ್ತಿದ್ದ ಯೋಚನೆ ಈಗ ನಿಲ್ಲುತ್ತಿತ್ತು, ಹಿಂದೆ ತಿರುಗುತ್ತಿತ್ತು, ಬೇರೆ ದಾರಿ ನೋಡಿ ಬರುತ್ತಿತ್ತು. ಆಟ ಎಂದು ಎಲ್ಲರೂ ಹಗುರ ಮಾಡಿದ್ದು ಇಷ್ಟು ದೊಡ್ಡ ವಿದ್ಯೆಯೇ ಎಂದು ಅವಳು ಬೆರಗಾದಳು.

ಮಳೆಗಾಲ ಬಂತು. ಬಂದದ್ದೂ ಹೇಗೆ, ಬಾಕಿ ತೀರಿಸುವವರ ಹಾಗೆ. ಕೆರೆಗಳು ಒಂದೊಂದಾಗಿ ತುಂಬುತ್ತಾ ಬಂದವು. ಕುಂಚಿಗೆರೆಯವರು ಕೆರೆ ತುಂಬುವ ಸೂಚನೆ ಕಂಡದ್ದೇ ಗಂಗೆಪೂಜೆ ಇಟ್ಟುಕೊಂಡರು. ತವರಿನ ಪೂಜೆಗೆ ಹೋಗದಿದ್ದರೆ ಹೇಗೆ ಎಂದು ನಿಂಗಾಜಮ್ಮ ಮೊರದ ಬಾಗಿನ, ಹೊಸ ಸೀರೆ, ಹೂವು ಎಲ್ಲ ಹೊಂದಿಸಿಕೊಂಡು ಬೆಳಗಿನ ಬಸ್ಸಿಗೇ ಹೊರಟರು. ಅಂಬುಜಾಕ್ಷಿ ಅವರನ್ನು ಬಸ್ಸಿಗೆ ಹತ್ತಿಸಿ ನಿಯಂತ್ರಣ ಕೊಠಡಿಗೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ಸಾಲಿನ ತುದಿಯಲ್ಲಿದ್ದ ಮೇಲುಕೆರೆ ಕಂಠಮಟ್ಟ ತುಂಬಿತು. ಅದರ ನೀರನ್ನು ಇನ್ನು ಬಿಡಲೇಬೇಕು. ದಾರಿ ಎರಡು. ಎಡದ ತೂಬು ಎತ್ತಿದರೆ ನೀರು ಕುಂಚಿಗೆರೆಗೆ ಹೋಗುತ್ತದೆ, ಅಲ್ಲಿ ಮುಕ್ಕಾಲು ಕೆರೆ ಮಾತ್ರ ತುಂಬಿದೆ, ಕಾಲು ಪಾಲು ಜಾಗವಿದೆ ಎಂದು ಅಲ್ಲಿನ ಗುಂಡು ಹೇಳುತ್ತಿತ್ತು. ಬಲದ ತೂಬು ಎತ್ತಿದರೆ ನೀರು ಹಳೆಯ ಹಳ್ಳಕ್ಕೆ ಬಿದ್ದು ವ್ಯರ್ಥ ಹರಿದು ಹೋಗುತ್ತದೆ, ದಾರಿಯ ಒಂದಷ್ಟು ಕಬ್ಬಿನ ಗದ್ದೆಗಳಿಗೂ ನುಗ್ಗುತ್ತದೆ. ಚಿಕ್ಕ ಮಗುವೂ ಎಡದ ತೂಬು ಎನ್ನುವಂಥ ಲೆಕ್ಕ. ಪುಟ್ಟಮಾದಪ್ಪ ಯಂತ್ರ ತೂಬು ಎತ್ತುವುದನ್ನೇ ಕಾಯುತ್ತಾ ಪರದೆಯ ಮುಂದೆ ನಿಂತಿದ್ದರು.

ಯಂತ್ರ ಎತ್ತಲಿಲ್ಲ. ಪರದೆಯ ಮೇಲೆ ಅಕ್ಷರಗಳು ಮೂಡಿದವು. ‘ಮೇಲೆ ಮಳೆ ಬಿತ್ತು, ಹಳ್ಳ ಹರಿಯಿತು, ಕೆರೆ ಕುಡಿಯುತ್ತಲೇ ಇದೆ, ಹೊಟ್ಟೆ ಮಾತ್ರ ಏರಲಿಲ್ಲ. ಊರು ಕೊಟ್ಟೆ. ಕುಂಚಿಗೆರೆ.’

ಪುಟ್ಟಮಾದಪ್ಪ ಅದನ್ನು ಗಟ್ಟಿಯಾಗಿ ಓದಿದರು. ಯಂತ್ರ ಒಂದು ಊರನ್ನೇ ನೀರಿಗೆ ಬಿಟ್ಟುಕೊಡುತ್ತಿದೆ ಎಂದು ಅವರು ತಿಳಿದರು. ಇನ್ನಾರು ಹಾಗೆ ತಿಳಿಯುತ್ತಿರಲಿಲ್ಲ? ಯಂತ್ರವನ್ನು ಬದಿಗೆ ಸರಿಸಿ ತೂಬುಗಳನ್ನು ಮನುಷ್ಯರ ಕೈಗೆ ಕೊಡುವ ಕೆಂಪು ಕೀಲಿಯ ಮೇಲೆ ಅವರ ಕೈ ಹೋಯಿತು. ಅದನ್ನು ತಿರುಗಿಸಿದರೆ ನಿಯಮದಂತೆ ಗುಂಡಿನ ಅಳತೆ ನೋಡಿಯೇ ತೂಬು ಎತ್ತಬೇಕು. ಅಂದರೆ ಎಡದ ತೂಬು, ಅಂದರೆ ಕುಂಚಿಗೆರೆ.

ಅಂಬುಜಾಕ್ಷಿ ಆ ಕೈಯ ಮೇಲೆ ತನ್ನ ಕೈ ಇಟ್ಟಳು. ಅತ್ತೆ ಕುಂಚಿಗೆರೆಯಲ್ಲೇ ಕೆರೆ ಏರಿಯ ಮೇಲಿದ್ದಾರೆ, ಪೂಜೆಗೆ ಬಂದ ಊರೆಲ್ಲ ಅಲ್ಲೇ ಇದೆ.

“ಸಾರ್, ಅದು ಊರನ್ನ ಬಿಟ್ಟುಕೊಡ್ತಿಲ್ಲ. ನಂಗೆ ಗೊತ್ತಾಗ್ತಿಲ್ಲ, ಹೇಳ್ಕೊಡಿ ಅಂತ ಕೇಳ್ತಿದೆ.”

ಒಗಟಿನ ಆಟದ ಮಾತು ಅದು ಎಂದು ಅವಳು ಅವಸರದಲ್ಲಿ ವಿವರಿಸಿದಳು. ಪುಟ್ಟಮಾದಪ್ಪ ಅವಳ ಮುಖವನ್ನೇ ನೋಡಿದರು. ಹುಬ್ಬಿನ ಗಂಟು ನಿಧಾನಕ್ಕೆ ಸಡಿಲವಾಯಿತು. ತಮ್ಮ ಅಜ್ಜಿಗೆ ಚಿಕ್ಕಂದಿನಲ್ಲಿ ಕೊಳ್ಳೇಗಾಲವನ್ನು ಸೋತದ್ದು ಅವರಿಗೆ ನೆನಪಾಯಿತೆಂದು ಆಮೇಲೆ ಅವರೇ ಹೇಳಿದರು. ಕೀಲಿಯಿಂದ ಕೈ ತೆಗೆದರು. ಬೇಗ ನೋಡಿ ಮೇಡಂ, ಮೇಲುಕೆರೆ ಕಾಯುವುದಿಲ್ಲ ಎಂದರು.

ಅಂಬುಜಾಕ್ಷಿ ಪರದೆಯನ್ನೇ ದಿಟ್ಟಿಸಿದಳು. ಸಾಲಿನಲ್ಲಿ ಅಷ್ಟು ಊರಿರುವಾಗ ಕುಂಚಿಗೆರೆಯನ್ನೇ ಏಕೆ ಕೊಟ್ಟಿತು? ಗುಂಡುಗಳ ಪ್ರಕಾರ ಅದಕ್ಕಿಂತ ತುಂಬಿದ ಕೆರೆಗಳು ಬೇಕಾದಷ್ಟಿವೆ. ಮೇಲುಕೆರೆಯೇ ಇದೆಯಲ್ಲ. ನೀರುಗಂಟಿ ಕೊಡುವುದು ಎಲ್ಲಕ್ಕಿಂತ ತುಂಬಿದ ಊರನ್ನು. ಹಾಗಿದ್ದರೆ ಕುಂಚಿಗೆರೆಯೇ ಎಲ್ಲಕ್ಕಿಂತ ತುಂಬಿದೆ ಎಂದು ಅದಕ್ಕೆ ಒಳಗೊಳಗೇ ಅನುಮಾನ. ಹರಿದು ಬಂದ ನೀರಿನ ಲೆಕ್ಕ ಒಂದು ಹೇಳುತ್ತದೆ, ಗುಂಡು ಇನ್ನೊಂದು ಹೇಳುತ್ತದೆ. ಎರಡರಲ್ಲಿ ಯಾವುದು ಸುಳ್ಳು ಎಂದು ತಿಳಿಯದೆ ಅದು ಕೈಕಟ್ಟಿ ನಿಂತಿದೆ. ಹೋದ ವರ್ಷದ ಯಂತ್ರವಾಗಿದ್ದರೆ ಗುಂಡನ್ನೇ ನಂಬಿ ಎಡದ ತೂಬು ಎತ್ತಿ ಮುಗಿಸಿರುತ್ತಿತ್ತು. ಅವಳು ಅತ್ತೆಗೆ ಫೋನು ಮಾಡಿದಳು. ತಮಟೆಯ ಸದ್ದಿನ ನಡುವೆ ನಿಂಗಾಜಮ್ಮನ ದನಿ ಕೇಳಿತು.

“ಅತ್ತೆ, ನೀರು ಎಲ್ಲಿವರೆಗೆ ಬಂದಿದೆ?”

“ಇನ್ನೆಲ್ಲಿಗೆ ಬರ್ಬೇಕವ್ವ, ಮೇಲಿನ ಮೆಟ್ಲು ಮುಳುಗ್ತಾ ಅದೆ. ಕೋಡಿ ನೋಡಾಕೆ ಊರೇ ನಿಂತದೆ.”

“ಕೆಂಪು ಗುಂಡು ಕಾಣ್ತಿದೆಯಾ?”

“ಅದು ನೀರೊಳಗದೆ. ನಾನೇ ಕಟ್ಟಿದ್ದು. ಕೆಂಪಗೆ ಗುಂಡಗೆ ಗಂಗಮ್ಮನ ಕಳಸದಂಗೆ ನಿಂತಿತ್ತು. ನನ್ ಸೊಸೆ ಇಕ್ಕಿಸಿರಾದು ಅಂತ ಅರಿಶಿಣ ಕುಂಕುಮ ಇಟ್ಟು, ಹೂ ಮುಡಿಸಿ, ಎಲ್ಲಾರ ತೇಲ್ಕೊಂಡೋದಾತು ಅಂತ ಬಾಗಿನದ ಸೀರೇಲಿ ಕಂಬಕ್ಕೆ ಬಿಗಿದಿವ್ನಿ. ಯಾಕವ್ವ?”

ಅಂಬುಜಾಕ್ಷಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಪ್ರೀತಿಯಿಂದ ಕಟ್ಟಿದ ಗುಂಡು ಕಟ್ಟಿದ ಕಡೆಯೇ ನಿಂತು, ನೀರು ತಲೆಯ ಮೇಲೆ ಏರಿದರೂ ಮುಕ್ಕಾಲು ಕೆರೆ, ಮುಕ್ಕಾಲು ಕೆರೆ ಎಂದು ಸುದ್ದಿ ಕಳಿಸುತ್ತಾ ಕೂತಿತ್ತು. ಕೋಡಿ ಬಿದ್ದು ಹರಿಯುವಷ್ಟು ನೀರನ್ನು ಕುಂಚಿಗೆರೆ ತಾಳಿಕೊಳ್ಳುತ್ತದೆ. ಅದರ ಮೇಲೆ ಮೇಲುಕೆರೆಯನ್ನೂ ಸುರಿದರೆ ಹಳೆಯ ಮಣ್ಣಿನ ಏರಿ ನಿಲ್ಲುವುದಿಲ್ಲ. ಯಾರಾದರೂ ಈಜು ಬಲ್ಲವರನ್ನು ಇಳಿಸಿ ಸೀರೆ ಕೊಯ್ಯಿಸಿ, ಎಲ್ಲರನ್ನೂ ಏರಿಯಿಂದ ಕೆಳಗಿಳಿಸಿ ಅತ್ತೆ ಎಂದು ಅವಳು ಹೇಳಿದಳು. ಸೊಸೆಯ ದನಿಯಲ್ಲಿ ಏನು ಕಂಡರೋ, ನಿಂಗಾಜಮ್ಮ ಯಾಕೆಂದು ಕೇಳದೆ ಒಪ್ಪಿದರು. ತಮಟೆ ನಿಲ್ಲಿಸಿ ಎಂದು ಅವರು ಕೂಗಿದ್ದು ಫೋನಿನಲ್ಲೇ ಕೇಳಿತು.

ನಿಯಂತ್ರಣ ಕೊಠಡಿಯಲ್ಲಿದ್ದವರೆಲ್ಲ ಪರದೆಯ ಮುಂದೆ ಬಂದು ನಿಂತರು. ಇದ್ದಕ್ಕಿದ್ದಂತೆ ಪರದೆಯ ಮೇಲೆ ಕುಂಚಿಗೆರೆಯ ಅಳತೆ ಮುಕ್ಕಾಲಿನಿಂದ ಒಂದೇ ನೆಗೆತಕ್ಕೆ ತುದಿ ಮುಟ್ಟಿತು. ಅದರ ಬೆನ್ನಿಗೇ ಮೇಲುಕೆರೆಯ ಬಲದ ತೂಬು ಏಳತೊಡಗಿತು. ಯಾರ ಅಪ್ಪಣೆಗೂ ಕಾಯಲಿಲ್ಲ ನೀರುಗಂಟಿ. ಉತ್ತರ ಸಿಕ್ಕಿತ್ತಲ್ಲ, ಇನ್ನೇಕೆ ಕಾಯಬೇಕು? ಮೇಲುಕೆರೆಯ ನೀರು ಹಳ್ಳದ ದಾರಿ ಹಿಡಿಯಿತು. ಕಬ್ಬಿನ ಗದ್ದೆಗಳಿಗೆ ಒಂದಷ್ಟು ನುಗ್ಗಿತು, ಆದರೆ ಕಬ್ಬು ಎದ್ದು ನಿಲ್ಲುವ ಪೈರು. ಕುಂಚಿಗೆರೆ ತನ್ನ ಪಾಡಿಗೆ ತಾನು ಕೋಡಿ ಬಿತ್ತು, ಊರಿನವರು ದೂರದಿಂದಲೇ ನೋಡಿ ಕೈ ಮುಗಿದರು. ಪುಟ್ಟಮಾದಪ್ಪ ಕುರ್ಚಿಯಲ್ಲಿ ಕುಸಿದು ಕೂತು, ಯಂತ್ರದ ತಂತಿ ಕೀಳುವ ಮಾತನ್ನು ತಾವು ಆಡಿಯೇ ಇಲ್ಲವೆಂದು ತಿಳಿಯಬೇಕು ಎಂದರು. ಆಮೇಲೆ ಪರದೆಯ ಕಡೆ ತಿರುಗಿ, ತಮಾಷೆಗೋ ನಿಜಕ್ಕೋ, ಒಂದು ನಮಸ್ಕಾರ ಹಾಕಿದರು.

ನಿಂಗಾಜಮ್ಮ ಮಾತ್ರ ತವರಿನಿಂದ ಮಂಕಾಗಿ ಬಂದರು. ನಾನು ಕಟ್ಟಿದ ಸೀರೆಗೆ ನಮ್ಮೂರೇ ಕೊಚ್ಚಿಕೊಂಡು ಹೋಗುತ್ತಿತ್ತಲ್ಲ ಎಂಬ ಕೊರಗು. ಎಲೆ ಅಡಿಕೆಯೂ ರುಚಿಸಲಿಲ್ಲ, ಒಗಟಿನ ಸುದ್ದಿಯೂ ಇಲ್ಲ. ಆಟದ ನ್ಯಾಯದಂತೆ ಕುಂಚಿಗೆರೆ ಈಗ ನಿಮ್ಮದೇ ಅತ್ತೆ, ಉತ್ತರ ಹೇಳಿದವರು ನೀವೇ ಎಂದು ಅಂಬುಜಾಕ್ಷಿ ನಗಿಸಲು ನೋಡಿದಳು. ಆ ಊರು ನನಗೆ ಬೇಡ, ಅದನ್ನು ಕಾಯುವ ಯೋಗ್ಯತೆ ನನಗಿಲ್ಲ ಎಂದು ಅವರು ಮುಖ ತಿರುಗಿಸಿದರು.

ಹೀಗೇ ಕೆಲವು ದಿನ ಕಳೆದ ಮೇಲೆ, ಒಂದು ಸಂಜೆ ಕಿಟಕಿಯ ಸ್ಪೀಕರ್ ತಾನಾಗಿಯೇ ಮಾತಾಡಿತು. ಅದುವರೆಗೆ ಒಗಟು ಬಿಡಿಸುವುದಷ್ಟೇ ಅದರ ಕೆಲಸ, ಹಾಕುವುದು ಅದಕ್ಕೆ ಬಾರದು ಎಂದೇ ಅಂಬುಜಾಕ್ಷಿ ತಿಳಿದಿದ್ದಳು.

“ಅಮ್ಮಾ, ನಾನೊಂದು ಒಗಟು ಕಟ್ಟಿದ್ದೇನೆ. ಕಟ್ಟಿದರೆ ಮುಳುಗುತ್ತೇನೆ, ಬಿಚ್ಚಿದರೆ ಏಳುತ್ತೇನೆ. ನಾನು ಯಾರು?”

ಸೊಪ್ಪು ಸೋಸುತ್ತಿದ್ದ ಅಂಬುಜಾಕ್ಷಿಯ ಕೈ ನಿಂತಿತು. ಈ ಒಗಟಿನ ಉತ್ತರ ಈ ಭೂಮಿಯ ಮೇಲೆ ಒಬ್ಬರಿಗೆ ಗೊತ್ತಿದ್ದರೆ ಅದು ಅತ್ತೆಗೇ. ಗಾಯಕ್ಕೆ ಉಪ್ಪು ಸುರಿದಂತಾಯಿತೇ ಎಂದು ಹೆದರಿ ಅವಳು ಅವರ ಮುಖ ನೋಡಿದಳು. ನಿಂಗಾಜಮ್ಮ ಕಿಟಕಿಯ ಕಡೆ ತಿರುಗಿ ಕೂತರು. ಹುಬ್ಬು ಗಂಟಿಕ್ಕಿದರು, ತಲೆ ಕೆರೆದುಕೊಂಡರು, ಬೆರಳು ಮಡಚಿ ಏನೇನೋ ಎಣಿಸಿದರು. ಆಮೇಲೆ, ಬದುಕಿನಲ್ಲಿ ಒಗಟು ತಿಳಿಯದೆ ಯಾರಿಗೂ ಒಂದು ಕುಗ್ರಾಮವನ್ನೂ ಸೋತಿರದ ಆ ಹೆಂಗಸು ದೊಡ್ಡದಾಗಿ ಉಸಿರು ಬಿಟ್ಟರು.

“ಇಲ್ಲ ಕಣಪ್ಪ, ತಿಳೀಲಿಲ್ಲ. ಊರು ಕೊಟ್ಟೆ.”

“ತುಂಬಿದ ಊರು ಕೊಡಿ,” ಎಂದಿತು ಯಂತ್ರ.

“ಕುಂಚಿಗೆರೆ ತಗೊ. ಜ್ವಾಪಾನವಾಗಿ ನೋಡ್ಕೊ.”

ನೀರುಗಂಟಿ ಊರನ್ನು ಒಪ್ಪಿಸಿಕೊಂಡು, ಆಟದ ನ್ಯಾಯದಂತೆ ಉತ್ತರ ಹೇಳಿತು. ಅದು ಕೆರೆಯ ಕೆಂಪು ಗುಂಡು ಎಂದು, ಕಟ್ಟಿದರೆ ಏಕೆ ಮುಳುಗುತ್ತದೆ, ಬಿಚ್ಚಿದರೆ ಹೇಗೆ ಏಳುತ್ತದೆ ಎಂದು ಒಂದನ್ನೂ ಬಿಡದೆ ವಿವರಿಸಿತು. ನಿಂಗಾಜಮ್ಮ ಕೆನ್ನೆಗೆ ಕೈ ಕೊಟ್ಟುಕೊಂಡು, ಈ ಸಂಗತಿಯನ್ನು ಇದೇ ಮೊದಲು ಕೇಳುವವರ ಹಾಗೆ ಕಣ್ಣರಳಿಸಿ ಕೊನೆಯವರೆಗೂ ಕೇಳಿದರು.

“ಅಯ್ಯೋ ಸಿವನೆ, ಇಷ್ಟೇಯಾ?” ಎಂದರು. ಎಲೆ ಅಡಿಕೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.